ಸಂಪಾದಕರ ಉತ್ತರ: ತೀರ್ಪು ಕೊಡದ ಕೌನ್ಸೆಲರ್

ಹಾಸನದ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಬರೆದಿದ್ದಾರೆ. ಹೆಂಡತಿಯ ಒತ್ತಾಯಕ್ಕೆ ಇಬ್ಬರೂ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದಾರಂತೆ. ನಾಲ್ಕು ಸಲ ಹೋದರೂ ತಪ್ಪು ಯಾರದು ಅಂತ ಅವರು ಹೇಳಲಿಲ್ಲ. ಬದಲಿಗೆ "ಅವರು ಕೂಗಾಡಿದಾಗ ನೀವೇನು ಮಾಡ್ತೀರಿ?" ಅಂತ ಇವರನ್ನೇ ಕೇಳಿದರಂತೆ. "ಇದೇನು ಚಿಕಿತ್ಸೆ? ಹಿರಿಯರಾಗಿದ್ದರೆ ಒಂದೇ ಮಾತಲ್ಲಿ ಇತ್ಯರ್ಥ ಮಾಡ್ತಿದ್ದರು. ಒಂಬತ್ತು ವರ್ಷದ ಮಗಳಿಗೂ ಯಾರು ಸರಿ ಅಂತ ಗೊತ್ತು, ಅವಳು ನನ್ನ ಕಡೆ" ಎಂದಿದ್ದಾರೆ.

ಸ್ವಾಮಿ, ಹಿರಿಯರು ಕೂತರೆ ಜಗಳ ಅವತ್ತಿಗೆ ನಿಲ್ಲುತ್ತಿತ್ತು, ನಿಜ. ಆದರೆ ಹೇಗೆ? "ಹೊಂದ್ಕೊಂಡು ಹೋಗಮ್ಮ" ಅಂತ ಒಬ್ಬಳ ಬಾಯಿ ಮುಚ್ಚಿಸಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ವರ್ಷಗಟ್ಟಲೆ ದಂಪತಿಗಳನ್ನು ಗಮನಿಸಿ ಹೇಳಿದ್ದು, ಗಂಡ ಹೆಂಡತಿ ಜಗಳಗಳಲ್ಲಿ ಸುಮಾರು 69% ಪೂರ್ತಿ ಬಗೆಹರಿಯುವಂಥವೇ ಅಲ್ಲ ಅಂತ. ಅಂಥದ್ದಕ್ಕೆ ತೀರ್ಪು ಕೊಟ್ಟು ಏನು ಪ್ರಯೋಜನ? (ಹೊಡೆತ ಬಡಿತ ಇರುವ ಮನೆಯ ಮಾತು ಬೇರೆ. ಅಲ್ಲಿ ಮೊದಲು ಜೀವ ಉಳಿಯಬೇಕು.)

ನಿಮ್ಮ ಕೌನ್ಸೆಲರ್ ಕೇಳಿದ ಪ್ರಶ್ನೆ ನನಗೆ ಮರ್ರೆ ಬೊವೆನ್ ಎಂಬ ಮನೋವೈದ್ಯರನ್ನು ನೆನಪಿಸಿತು. 1954ರಿಂದ 1959ರವರೆಗೆ ಅಮೆರಿಕದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಅವರು ರೋಗಿಯ ಜೊತೆ ಮನೆಮಂದಿಯನ್ನೂ ವಾರ್ಡಿನಲ್ಲೇ ಇರಿಸಿಕೊಂಡು ನೋಡಿದವರು. ಹತ್ತಿರ ಇದ್ದೂ ತಾನು ತಾನಾಗಿ ಉಳಿಯೋದು, ಅವರ ಪ್ರಕಾರ ಬೆಳವಣಿಗೆ ಅಂದರೆ ಅದು. ಮುನಿಸಿಕೊಂಡು ದೂರ ಹೋಗೋದು ಬೆಳವಣಿಗೆ ಅಲ್ಲ. ಎದುರಿನವರನ್ನು ತಿದ್ದೋದನ್ನು ಬಿಟ್ಟು, ಇದರಲ್ಲಿ ನನ್ನ ಪಾಲೇನು ಅಂತ ನೋಡಿಕೊಳ್ಳಬೇಕು. ಅವರು ಇದನ್ನು ತಮ್ಮ ಸ್ವಂತ ಮನೆಯವರ ನಡುವೆಯೇ ಮಾಡಿ ನೋಡಿ, 1967ರಲ್ಲಿ ಸಹೋದ್ಯೋಗಿಗಳ ಮುಂದೆ ಹೇಳಿಕೊಂಡರು. ಅದಕ್ಕೆ ಎಷ್ಟು ಧೈರ್ಯ ಬೇಕು, ಅಲ್ವಾ?

ಇಬ್ಬರ ನಡುವೆ ಬಿಸಿ ಏರಿದರೆ ಮೂರನೆಯವರನ್ನು ಎಳೆದುಕೊಳ್ಳುತ್ತಾರೆ ಅಂತಲೂ ಬೊವೆನ್ ಹೇಳಿದರು. ಅದಕ್ಕೆ ತ್ರಿಕೋನ ಅಂತ ಹೆಸರಿಟ್ಟರು. ನಾನು ಅಂಥ ಮನೆಯಲ್ಲೇ ಬೆಳೆದವನು. "ಸಾರು ಆರ್ತಿದೆ ಅಂತ ನಿಮ್ಮಪ್ಪಂಗೆ ಹೇಳು" ಅಂತ ಅಡುಗೆಮನೆಯಿಂದ ಅಮ್ಮ. "ಹಸಿವಿಲ್ಲ ಅಂತ ಹೇಳು ನಿಮ್ಮಮ್ಮಂಗೆ" ಅಂತ ಜಗಲಿಯಿಂದ ಅಪ್ಪ. ನಡುವೆ ಇದ್ದದ್ದು ಹನ್ನೆರಡು ಹೆಜ್ಜೆ, ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು. ಆದರೂ ನಾನು ಓಡಾಡುತ್ತಿದ್ದೆ, ಅಪ್ಪನ ಮಾತನ್ನು ಒಂಚೂರು ಮೆತ್ತಗೆ ಮಾಡಿ ಅಮ್ಮನಿಗೆ ಹೇಳುತ್ತಿದ್ದೆ. ಇವತ್ತಿಗೂ ಇಬ್ಬರು ಸುಮ್ನೆ ದನಿ ಏರಿಸಿದರೆ ನನ್ನ ಅಂಗೈ ಬೆವರುತ್ತೆ.

ನಮ್ಮಲ್ಲಿ ಜಾತಕ ನೋಡುತ್ತೇವೆ, ಛತ್ರಕ್ಕೆ ಆರು ತಿಂಗಳು ಮುಂಚೆ ಅಡ್ವಾನ್ಸ್ ಕೊಡುತ್ತೇವೆ. ಸಿಟ್ಟು ಬಂದಾಗ ನೀನೇನು ಮಾಡ್ತೀಯಪ್ಪ ಅಂತ ಮಾತ್ರ ಹುಡುಗನನ್ನು ಯಾರೂ ಕೇಳಲ್ಲ. ಆಮೇಲೆ ಮನೆಯಲ್ಲಿ ಜಗಳ ಜಾಸ್ತಿ ಆದರೆ "ಒಂದು ಮಗು ಆಗ್ಲಿ, ಎಲ್ಲ ಸರಿಹೋಗುತ್ತೆ" ಅಂತಾರೆ. ಇನ್ನೂ ಹುಟ್ಟದ ಮಗುವಿನ ತಲೆ ಮೇಲೆ ಅಷ್ಟು ದೊಡ್ಡ ಹೊರೆ! ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ.

ನಿಮ್ಮ ಪತ್ರದಲ್ಲಿ ಮಗಳ ಬಗ್ಗೆ ಇರುವ ಆ ಸಾಲನ್ನು ನಾಲ್ಕು ಸಲ ಓದಿದೆ. ನೀವು ಅದನ್ನು ಹೆಮ್ಮೆಯಿಂದ ಬರೆದಿದ್ದೀರಿ. ಐದನೇ ಸಲ ಹೋದಾಗ ಕೌನ್ಸೆಲರ್ ಮುಂದೆ ಆ ಸಾಲನ್ನೇ ಓದಿ. ಹೆಂಡತಿಯೂ ಪಕ್ಕದಲ್ಲೇ ಕೂತಿರಲಿ.