ಜನರ ನಡುವೆ ಕುಳಿತರೆ ತಲೆ ಭಾರವಾಗುವುದಕ್ಕೆ

ಎಂಟು ತಿಂಗಳು ಒಬ್ಬರೇ ಇದ್ದು ಕಚೇರಿಗೆ ಮರಳಿದ ಮೇಲೆ, ಜನರ ನಡುವೆ ಕುಳಿತರೆ ತಲೆ ಭಾರವಾಗಿ ಅರ್ಧ ಗಂಟೆಗೆ ಎದ್ದು ಓಡಬೇಕೆನಿಸುತ್ತದೆ ಎಂದು ಬರೆದಿದ್ದೀರಿ. ಇದು ಬಹುಮಟ್ಟಿಗೆ ಅಭ್ಯಾಸ ತಪ್ಪಿದ್ದರ ದಣಿವಿರಬಹುದು. ಹತ್ತು ದನಿಗಳ ನಡುವೆ ಬೇಕಾದದ್ದನ್ನಷ್ಟೇ ಕೇಳಿಸಿಕೊಳ್ಳುವುದೇ ಈಗ ಮಿದುಳಿಗೆ ದೊಡ್ಡ ಕೆಲಸ. ಹಾಗೆ ಓಡಬೇಕೆನಿಸುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ನಿದ್ರೆ. ರಜೆಯಿದ್ದರೂ ಏಳುವ ಹೊತ್ತು ಒಂದೇ ಇರಲಿ, ಎದ್ದ ಮೇಲೆ ಹೊರಗಿನ ಬೆಳಕಿನಲ್ಲಿ ಸ್ವಲ್ಪ ನಡೆಯಿರಿ. ಆಮೇಲೆ ಜನ. ಊಟಕ್ಕೆ ಇಡೀ ಗುಂಪಿನೊಡನೆ ಕೂರದೆ ಪರಿಚಯದ ಒಬ್ಬರೊಡನೆ ಕುಳಿತುಕೊಳ್ಳಿ. ಅದು ಸಲೀಸಾದ ಮೇಲೆ ಮೂವರು, ನಾಲ್ವರು.

ನನಗೆ ಹೆಚ್ಚು ಪ್ರಯೋಜನವಾದದ್ದು ಇದು: ಗಾಬರಿ ಏರುತ್ತಿರುವಾಗಲೇ ಎದ್ದು ಹೋಗಬೇಡಿ. ಓಡಿದಾಗ ಸಿಗುವ ನೆಮ್ಮದಿಯೇ ಮುಂದಿನ ಸಲದ ಭಯವನ್ನು ಬೆಳೆಸುತ್ತದೆ. ಕುಳಿತಲ್ಲೇ ಉಸಿರನ್ನು ನಿಧಾನವಾಗಿ ಹೊರಬಿಡುತ್ತಿರಿ, ಗಾಬರಿ ಸ್ವಲ್ಪ ಇಳಿದ ಮೇಲೆ ಹೊರಡಿ. “ಇಷ್ಟು ದಿನ ಎಲ್ಲಿದ್ದಿರಿ?” ಎಂದು ಕೇಳಿಯೇ ಕೇಳುತ್ತಾರೆ. ಒಂದು ವಾಕ್ಯದ ಉತ್ತರ ಸಿದ್ಧವಿರಲಿ. ಇಡೀ ಕಥೆ ಒಪ್ಪಿಸಬೇಕಾದ ಹಂಗು ನಿಮಗಿಲ್ಲ.

ಇದು ಬರೀ ದಣಿವೋ ಆತಂಕದ ಕಾಯಿಲೆಯೋ ಎಂದು ಇಲ್ಲಿಂದ ಹೇಳಲಾರೆ. ಕೆಲವು ವಾರಗಳಾದರೂ ಕಡಿಮೆಯಾಗದಿದ್ದರೆ, ನಿದ್ರೆ, ಹಸಿವು ಕೆಟ್ಟರೆ, ಮನೋವೈದ್ಯರನ್ನು ಕಾಣಿ. ಬದುಕೇ ಬೇಡವೆನಿಸಿದರೆ ಕಾಯದೆ ಅಂದೇ ಹೋಗಿ.