ಹವ್ಯಾಸಕ್ಕೆ ಲೇಥ್‌ನಲ್ಲಿ ಬಂದೂಕಿನ ಬಿಡಿಭಾಗ ಮಾಡಬಹುದಾ?

ಬಳ್ಳಾರಿಯಲ್ಲಿ ಸ್ವಂತ ಲೇಥ್ ವರ್ಕ್‌ಶಾಪ್ ಇದೆ, ಮಾರೋದಕ್ಕಲ್ಲ, ಸುಮ್ನೆ ಹವ್ಯಾಸಕ್ಕೆ ಬಂದೂಕಿನ ಭಾಗ ಮಾಡಬಹುದಾ ಅಂತ ಕೇಳಿದ್ದೀರಿ. ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ದಯವಿಟ್ಟು ಕೈ ಹಾಕಬೇಡಿ.

1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕಿನ ಬಿಡಿಭಾಗವೂ ಆಯುಧವೇ. ಮಾರಿದರೆ ಮಾತ್ರ ತಪ್ಪು ಅಂದುಕೊಂಡವರು ಜಾಸ್ತಿ. ಆದರೆ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕಾದ ಕೆಲಸಗಳಲ್ಲಿ ತಯಾರಿಕೆ, ಮಾರಾಟದ ಜೊತೆಗೆ ರಿಪೇರಿ, ಪರೀಕ್ಷೆಯೂ ಸೇರಿದೆ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು. ಜೀವಾವಧಿವರೆಗೂ ಹೋಗಬಹುದು, ದಂಡ ಬೇರೆ. ಹಂದಿ ಕಾಟಕ್ಕೆ ಬೆಳೆ ಕಾಯಲು ಲೈಸೆನ್ಸ್ ಬಂದೂಕು ಇಟ್ಟುಕೊಂಡ ರೈತರು ಪರಿಚಯದ ಟರ್ನರ್ (ಲೇಥ್ ಕೆಲಸಗಾರ) ಹತ್ತಿರ ರಿಪೇರಿಗೆ ತರುತ್ತಾರಲ್ವಾ, ಅದೂ ಬೇಡ. ಅವರ ಲೈಸೆನ್ಸ್ ನಿಮ್ಮನ್ನು ಕಾಯುವುದಿಲ್ಲ. ರಿಪೇರಿಗೆ ಲೈಸೆನ್ಸ್ ಇರುವ ಅಂಗಡಿಗೇ ಕಳಿಸಿ.

ಕೆಲಸದ ಅಪಾಯವೂ ಸಣ್ಣದಲ್ಲ. ಪಂಪಿನ ಶಾಫ್ಟ್‌ನಲ್ಲಿ ಬೇರಿಂಗ್ ಕೂರುವ ಜಾಗವನ್ನು ಮೈಕ್ರೋಮೀಟರ್ ಹಿಡಿದು ನೂರನೇ ಒಂದು ಮಿಲಿಮೀಟರ್‌ಗೆ ತರುವ ಕೈ ನಿಮ್ಮದಿರಬಹುದು. ಆದರೆ ಅಳತೆ ಸರಿಯಿದ್ದರೆ ಸಾಲದು. ಉಕ್ಕಿನ ಜಾತಿ ತಪ್ಪಿದರೆ, ಹದ ಕೆಟ್ಟರೆ ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಗುಂಡು ಹಾರುವಾಗಿನ ಒತ್ತಡಕ್ಕೆ ಅದು ಒಡೆದರೆ ಹೋಗೋದು ಕೈ, ಕಣ್ಣು.

ಸೂಕ್ಷ್ಮ ಕೆಲಸದ ಆಸೆ ಇದ್ದರೆ ಹಿತ್ತಾಳೆ ಸಿಲಿಂಡರಿನ ಪುಟ್ಟ ಮಾಡೆಲ್ ಎಂಜಿನ್ ಮಾಡಿ, ಕಂಪ್ರೆಸರ್ ಗಾಳಿಯಲ್ಲೇ ಓಡಿಸಿ. ಪಿಸ್ಟನ್ ಗಾಳಿಯೂ ಸೋರದಂತೆ, ಬಿಗಿಯೂ ಆಗದಂತೆ ಕೂರಿಸೋದು ನಿಜಕ್ಕೂ ಕಷ್ಟದ ಕೆಲಸ.