ರಾಜೀನಾಮೆಗೆ ಮೊದಲು ಕೇಳಬೇಕಾದದ್ದು

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದೆ.)

ವಸುಧಾ ತಾಲ್ಲೂಕು ಸರ್ಕಾರಿ ಆಸ್ಪತ್ರೆಯೊಂದರ ಶುಶ್ರೂಷಕಿ. ಬೆನ್ನುಬೆನ್ನಿಗೆ ರಾತ್ರಿ ಪಾಳಿ ಮಾಡಿದ ಮೇಲೆ ನಿದ್ದೆಯೇ ಬಾರದಾಯಿತು. ಮಾತು ಅತಿಯಾಯಿತು, ಸಾಲ ಮಾಡಿ ಒಡವೆ ಕೊಂಡರು, ವಾರ್ಡಿನಲ್ಲಿ ವೈದ್ಯರ ಮೇಲೆ ಕೂಗಾಡಿದರು. ಬೈಪೋಲಾರ್ ಕಾಯಿಲೆ (ಮನಸ್ಸು ಕೆಲಕಾಲ ಅತಿ ಉತ್ಸಾಹಕ್ಕೂ ಕೆಲಕಾಲ ಖಿನ್ನತೆಗೂ ಜಾರುವ ಕಾಯಿಲೆ) ಎಂದು ತಿಳಿದು, ಒಳರೋಗಿಯಾಗಿ ಚಿಕಿತ್ಸೆ ಪಡೆದು, ಲಿಥಿಯಂ ಎಂಬ ಔಷಧಿಯಿಂದ ಹತೋಟಿಗೆ ಬಂದಿದ್ದರು. ಪತಿಯೊಂದಿಗೆ ಸಲಹೆಗೆಂದು ನನ್ನಲ್ಲಿಗೆ ಬಂದಾಗ ರಾಜೀನಾಮೆ ಪತ್ರ ಸಿದ್ಧವಾಗಿತ್ತು.

“ಯಾವ ಮುಖ ಇಟ್ಟುಕೊಂಡು ಹೋಗಲಿ ಮೇಡಂ? ಎಲ್ಲರೂ ನೋಡಿದ್ದಾರೆ.”

“ಮನೆಯಲ್ಲಿ ನೆಮ್ಮದಿಯಾಗಿರಲಿ,” ಎಂದರು ಪತಿ.

ಅವರ ಕಾಳಜಿ ನಿಜವಾದದ್ದೇ. ಆದರೆ ನಾಚಿಕೆ ಇನ್ನೂ ಹಸಿಯಾಗಿರುವಾಗ ನೌಕರಿ ಬಿಡುವ ತೀರ್ಮಾನ ಬೇಡ ಎಂದೆ. ಈ ಕಾಯಿಲೆಗೆ ನಿದ್ದೆಗೇಡು ದೊಡ್ಡ ಶತ್ರು. ಬಿಡಬೇಕಾದದ್ದು ರಾತ್ರಿ ಪಾಳಿಯನ್ನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ಸೇವೆಯಲ್ಲಿದ್ದಾಗ ವೈಕಲ್ಯ ಉಂಟಾದ ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎನ್ನುತ್ತದೆ ಅದರ 20ನೇ ಕಲಮು. ಹಳೆಯ ಹುದ್ದೆ ಒಗ್ಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಕೈಯಾರೆ ರಾಜೀನಾಮೆ ಕೊಟ್ಟವರಿಗೆ ಈ ರಕ್ಷಣೆ ಸಿಗುವುದು ಕಷ್ಟ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಅನ್ನದ ದಾರಿ ಕಳೆದುಕೊಳ್ಳುತ್ತಾರೆ ಎಂಬುದು ನನಗೆ ತೀರದ ಸಂಕಟ.

ವೈದ್ಯಕೀಯ ಪ್ರಮಾಣಪತ್ರದಲ್ಲಿ ‘ಕೆಲಸಕ್ಕೆ ಅರ್ಹರು’ ಎಂದಷ್ಟೇ ಇದ್ದರೆ ಮರುವಾರವೇ ರಾತ್ರಿ ಪಾಳಿ ಬೀಳುತ್ತದೆ. ‘ಹಗಲು ಪಾಳಿ ಮಾತ್ರ, ಆರು ತಿಂಗಳ ನಂತರ ಮರುಪರಿಶೀಲನೆ’ ಎಂದು ಮನೋವೈದ್ಯರಿಂದ ಬರೆಸಿಕೊಂಡು, ಆಡಳಿತ ವೈದ್ಯಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಲು ಹೇಳಿದೆ. ಸಹೋದ್ಯೋಗಿಗಳಿಗೆ “ಹುಷಾರಿರಲಿಲ್ಲ, ಈಗ ವಾಸಿ” ಎಂದರೆ ಸಾಕು, ರೋಗದ ಹೆಸರು ಹೇಳಲೇಬೇಕೆಂದಿಲ್ಲ. ಕೂಗಾಡಿದ್ದಕ್ಕೆ ಆ ವೈದ್ಯರಲ್ಲಿ ಒಮ್ಮೆ ಕ್ಷಮೆ ಕೇಳಿ, ಅಲ್ಲಿಗೆ ಬಿಟ್ಟುಬಿಡಿ ಎಂದೆ.

ಪತಿಗೂ ಒಂದು ಹೊಣೆ ಒಪ್ಪಿಸಿದೆ: ಎರಡು ರಾತ್ರಿ ನಿದ್ದೆ ಕಡಿಮೆಯಾದರೂ ಹೆಂಡತಿ ಚುರುಕಾಗಿಯೇ ಓಡಾಡುತ್ತಿದ್ದರೆ ಗದರದೆ ವೈದ್ಯರಿಗೆ ಕರೆ ಮಾಡಬೇಕು. ವಾಂತಿಭೇದಿಯಾದರೂ ಹಾಗೆಯೇ, ಏಕೆಂದರೆ ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವೈದ್ಯರು ಹೇಳಿದ ಸಮಯಕ್ಕೆ ರಕ್ತಪರೀಕ್ಷೆ ತಪ್ಪಬಾರದು. ಸರಿರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416.

ವಸುಧಾ ಈಗ ಲಸಿಕೆ ವಿಭಾಗದಲ್ಲಿದ್ದಾರೆ. “ನಮಗೇಕೆ ಹೆಚ್ಚು ರಾತ್ರಿ?” ಎಂದು ಇಬ್ಬರು ಗೊಣಗಿದಾಗ, ಭಾನುವಾರದ ಹಗಲು ಪಾಳಿಗಳನ್ನು ತಾವೇ ಕೇಳಿ ಪಡೆದರು. ಒಡವೆ ಸಾಲದ ಕಂತು ಸಂಬಳದಿಂದಲೇ ತೀರುತ್ತಿದೆ.